ಹಳದಿ ಬಣ್ಣದೊಳಗೆ ದುಡಿಯುವವರು: ಬೆಂಗಳೂರಿನ ಹೊಸ ನಕ್ಷೆ ಬರೆಯುವವರಿಗೊಂದು ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧ್ಯಕ್ಷರೂ ಆಗಿರುವ ಮಾನ್ಯ ಮುಖ್ಯಮಂತ್ರಿಗಳಿಗೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಆಯುಕ್ತರಿಗೆ, ಐದು ನಗರ ಪಾಲಿಕೆಗಳ ನಗರ ಯೋಜನೆ ವಿಭಾಗಗಳ ಅಧಿಕಾರಿಗಳಿಗೆ,

ಮಾನ್ಯರೇ,

ನಗರದ ಭೂಬಳಕೆ ನಕ್ಷೆಯನ್ನು ಒಮ್ಮೆ ಮೇಜಿನ ಮೇಲೆ ಹರಡಿಕೊಳ್ಳಿ. ಹಳದಿ ಬಣ್ಣ ವಸತಿಗೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಹಸಿರು ಪಾರ್ಕಿಗೆ. ಈ ಬಣ್ಣಗಳ ಹಿಂದೆ ಒಂದು ನಂಬಿಕೆ ಇದೆ. ಜನ ಹಳದಿಯಲ್ಲಿ ಮಲಗುತ್ತಾರೆ, ಬೆಳಿಗ್ಗೆ ಎದ್ದು ನೀಲಿಗೋ ನೇರಳೆಗೋ ಹೋಗಿ ದುಡಿಯುತ್ತಾರೆ, ಸಂಜೆ ಮತ್ತೆ ಹಳದಿಗೆ ಮರಳುತ್ತಾರೆ. ರಸ್ತೆ, ಮೇಲ್ಸೇತುವೆ, ಮೆಟ್ರೊ, ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಕೊರೆಯಲು ಹೊರಟಿರುವ ಸುರಂಗ, ಎಲ್ಲವೂ ಈ ನಂಬಿಕೆಯ ಮೇಲೆಯೇ ನಿಂತಿವೆ. ಆದರೆ ಇದೇ ಊರಿನಲ್ಲಿ ಲಕ್ಷಾಂತರ ಹೆಂಗಸರು ದುಡಿಯಲು ಹೋಗುವುದೇ ಹಳದಿಗೆ. ಪಾತ್ರೆ ತೊಳೆಯಲು, ನೆಲ ಒರೆಸಲು, ಅಡುಗೆ ಮಾಡಲು, ಕೂಸು ನೋಡಿಕೊಳ್ಳಲು, ಹಾಸಿಗೆ ಹಿಡಿದ ಹಿರಿಯರ ಮೈ ಒರೆಸಲು ಅವರು ಪರರ ಮನೆಗಳಿಗೆ ಹೋಗುತ್ತಾರೆ. ಅವರ ಕೆಲಸದ ಸ್ಥಳಕ್ಕೆ ನಿಮ್ಮ ನಕ್ಷೆಯಲ್ಲಿ ಯಾವ ಬಣ್ಣವೂ ಇಲ್ಲ.

ನಾನು ಕಟ್ಟಡಗಳ ಮಂಜೂರಾತಿ ನಕ್ಷೆ ಸಿದ್ಧಪಡಿಸುವ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಕಟ್ಟಡದ ಸುತ್ತ ಸೆಟ್‌ಬ್ಯಾಕ್ ಎಂಬ ಖಾಲಿ ಜಾಗ ಎಷ್ಟು ಬಿಡಬೇಕು, ಎಷ್ಟು ಮಹಡಿ ಏರಿಸಬಹುದು, ಕಾರು ಎಲ್ಲಿ ನಿಲ್ಲಿಸಬೇಕು ಎಂಬುದೇ ನನ್ನ ದಿನದ ಲೆಕ್ಕ. ನನ್ನ ಚಿಕ್ಕಮ್ಮ ಜೆ.ಪಿ. ನಗರದ ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಹೀಗಾಗಿ ಅಪಾರ್ಟ್‌ಮೆಂಟ್ ಎಂಬುದನ್ನು ನಾನು ಕಾಗದದ ಮೇಲೂ ಕಂಡಿದ್ದೇನೆ, ಚಿಕ್ಕಮ್ಮನ ಬಾಯಲ್ಲೂ ಕೇಳಿದ್ದೇನೆ. ಕಾಗದದಲ್ಲಿ ಚಿಕ್ಕಮ್ಮ ಇಲ್ಲ. ಮುಂದಿನ ಹಲವು ವರ್ಷಗಳ ನಗರವನ್ನು ತೀರ್ಮಾನಿಸುವ ಮಹಾಯೋಜನೆ (ಮಾಸ್ಟರ್ ಪ್ಲಾನ್) ಎಂಬ ಕಾಗದ ನಿಮ್ಮ ಕೈಯಲ್ಲಿ ಸಿದ್ಧವಾಗುವಾಗಲಾದರೂ ಅವರ ಮಾತು ಅದರೊಳಗೆ ಬರಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಮನೆಯೂ ಕೆಲಸದ ಸ್ಥಳ ಎಂಬುದು ಕಾನೂನಿಗೆ ಹೊಸ ಸಂಗತಿಯಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿ 2004ರಲ್ಲೇ ಅಧಿಸೂಚನೆ ಹೊರಡಿಸಿದ ರಾಜ್ಯ ನಮ್ಮದು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕೇಂದ್ರದ ಕಾಯ್ದೆಯು ವಾಸದ ಮನೆಯನ್ನೂ ಕೆಲಸದ ಸ್ಥಳವೆಂದು ಸ್ಪಷ್ಟವಾಗಿ ಹೇಳಿದೆ. ಮನೆಗೆಲಸದವರೂ ದೂರು ಕೊಡಬಹುದಾದ ಸ್ಥಳೀಯ ಸಮಿತಿ ಜಿಲ್ಲೆಗೊಂದು ಇರಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಕಾರ್ಮಿಕ ಇಲಾಖೆ ಒಪ್ಪಿಕೊಂಡಿರುವುದನ್ನು, ಸಂಸತ್ತು ಬರೆದಿಟ್ಟಿರುವುದನ್ನು ನಗರ ಯೋಜನೆ ಇನ್ನೂ ಒಪ್ಪಿಕೊಂಡಿಲ್ಲ. ಒಂದು ಜಾಗವನ್ನು ಕೆಲಸದ ಸ್ಥಳವೆಂದು ಒಪ್ಪಿದ ಕೂಡಲೇ ಅಲ್ಲಿ ಶೌಚಾಲಯ ಬೇಕಾಗುತ್ತದೆ, ಕುಳಿತು ಉಣ್ಣಲು ಜಾಗ ಬೇಕಾಗುತ್ತದೆ, ಅಲ್ಲಿಗೆ ಬಸ್ಸು ಬೇಕಾಗುತ್ತದೆ, ಮಗುವನ್ನು ಬಿಡಲು ಒಂದು ಕೊಠಡಿ ಬೇಕಾಗುತ್ತದೆ. ಒಪ್ಪದಿದ್ದರೆ ಇದ್ಯಾವುದರ ಹೊಣೆಯೂ ಯಾರ ಮೇಲೂ ಬೀಳುವುದಿಲ್ಲ.

ಚಿಕ್ಕಮ್ಮನ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಆರೂವರೆಗೆ ಮೊದಲ ಮನೆ, ಅಲ್ಲಿ ಅಡುಗೆ. ಮನೆಯವರು ಕಚೇರಿಗೆ ಹೊರಡುವ ಮೊದಲು ತಿಂಡಿ, ಡಬ್ಬಿ ಎರಡೂ ಆಗಬೇಕು. ಅಲ್ಲಿಂದ ಎರಡನೆಯ ಮನೆ, ಮೂರನೆಯ ಮನೆ. ಹನ್ನೆರಡಕ್ಕೆ ಬೆಳಗಿನ ಪಾಳಿ ಮುಗಿಯುತ್ತದೆ. ಸಂಜೆಯ ಮನೆ ನಾಲ್ಕಕ್ಕೆ. ನಡುವಿನ ನಾಲ್ಕು ಗಂಟೆಗಳಲ್ಲಿ ತಮ್ಮ ಮನೆಗೆ ಹೋಗಿ ಬರೋಣವೆಂದರೆ ಹೋಗುವುದರಲ್ಲಿ, ಬರುವುದರಲ್ಲೇ ಹೊತ್ತು ಕಳೆಯುತ್ತದೆ. ಹಾಗಾಗಿ ಅವರೂ ಅವರಂಥ ಇನ್ನೂ ಕೆಲವರೂ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂರುತ್ತಾರೆ. ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್, ಎದುರಿಗೆ ಕಸದ ರಾಶಿ. ಅಲ್ಲಿಯೇ ಬುತ್ತಿ ಬಿಚ್ಚುತ್ತಾರೆ. ಕೆಲಸದ ಮನೆಯಲ್ಲಿ ಕೊಟ್ಟ ಬೆಳಗಿನ ಉಪ್ಪಿಟ್ಟು ಇದ್ದರೆ ಹಂಚಿಕೊಳ್ಳುತ್ತಾರೆ. ಬಾಟಲಿಯ ನೀರನ್ನು ಬಾಯಿ ಒದ್ದೆಯಾಗುವಷ್ಟೇ ಕುಡಿದು ಮುಚ್ಚಳ ಹಾಕುತ್ತಾರೆ. ಏಪ್ರಿಲ್ ಬಿಸಿಲಲ್ಲೂ ಅಷ್ಟೇ. ಯಾಕೆಂದು ಕೇಳಿದ್ದಕ್ಕೆ ಅವರಲ್ಲೊಬ್ಬರು, "ಕುಡಿದರೆ ಆಮೇಲೆ ಎಲ್ಲಿಗೆ ಹೋಗಲಿ ಅಕ್ಕ?" ಎಂದರು.

ಬೆಳಗಿನಿಂದ ಮೂರು ಮನೆಗಳ ಶೌಚಾಲಯ ಉಜ್ಜಿ ಬಂದ ಹೆಂಗಸು ಆಕೆ. ಆ ಮೂರರಲ್ಲಿ ಒಂದನ್ನೂ ಬಳಸುವಂತಿಲ್ಲ. ಕೆಲವರು ಬಾಯಿಬಿಟ್ಟು ಹೇಳುತ್ತಾರೆ, ಉಳಿದವರು ಮುಖದಲ್ಲೇ ತೋರಿಸುತ್ತಾರೆ. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ವರ್ಷಗಟ್ಟಲೆ ದುಡಿದವರಿಗೆ ಉರಿಮೂತ್ರ, ಸೊಂಟನೋವು, ಜ್ವರ ಕಟ್ಟಿಟ್ಟದ್ದು. ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಿಸಲು ಜಾಗವಿಲ್ಲದೆ ರಜೆ ಹಾಕಿ, ಆ ದಿನದ ಸಂಬಳ ಕಳೆದುಕೊಳ್ಳುವವರೂ ಇದ್ದಾರೆ. ಇದನ್ನು ಮನೆಯೊಡತಿಯ ಒಳ್ಳೆಯತನಕ್ಕೆ ಬಿಟ್ಟುಬಿಡಬಹುದೇ? ಗಾರ್ಮೆಂಟ್ ಕಾರ್ಖಾನೆಯಲ್ಲಿ ಶೌಚಾಲಯ ಇರಬೇಕೋ ಬೇಡವೋ ಎಂಬುದನ್ನು ನಾವು ಮಾಲೀಕನ ಮನಸ್ಸಿಗೆ ಬಿಟ್ಟಿಲ್ಲ.

ಅಪಾರ್ಟ್‌ಮೆಂಟ್ ನಕ್ಷೆಗಳಲ್ಲಿ ಕೆಲಸಗಾರರಿಗೆ ಶೌಚಾಲಯ ತೋರಿಸುವುದಿಲ್ಲವೇ ಎಂದು ನೀವು ಕೇಳಬಹುದು. ತೋರಿಸುವುದುಂಟು, ನಾನೇ ಬರೆದದ್ದೂ ಉಂಟು. ಬೇಸ್‌ಮೆಂಟಿನಲ್ಲಿ, ರ‍್ಯಾಂಪಿನ ಕೆಳಗೆ, ಕಾರಿಗೂ ಪಂಪಿಗೂ ಬಳಕೆಯಾಗದ ಮೂಲೆ ಎಲ್ಲಿ ಉಳಿಯಿತೋ ಅಲ್ಲಿ ಅದು ಬರುತ್ತದೆ. ಡ್ರೈವರುಗಳು, ಕಾವಲುಗಾರರು, ತೋಟದವರು, ಮನೆಗೆಲಸದ ಹೆಂಗಸರು, ಎಲ್ಲರಿಗೂ ಸೇರಿ ಒಂದೇ. ಕಿಟಕಿ ಇರುವುದಿಲ್ಲ. ಜನ ವಾಸಕ್ಕೆ ಬಂದ ಮೇಲೆ ಅದೇ ಕೋಣೆಯಲ್ಲಿ ಪೊರಕೆ, ಬಕೆಟ್ಟು, ಫಿನಾಯಿಲ್ ಕ್ಯಾನು ಸೇರಿಕೊಳ್ಳುತ್ತವೆ. ಚಿಲಕ ಮುರಿದರೆ ಹಾಕಿಸುವವರಿಲ್ಲ. ಗಂಡಸರು ಕಾದು ನಿಂತಿರುವ ಬೇಸ್‌ಮೆಂಟಿನ ಕತ್ತಲೆಯಲ್ಲಿ, ಚಿಲಕವಿಲ್ಲದ ಬಾಗಿಲ ಹಿಂದೆ ಹೋಗಲು ಯಾವ ಹೆಂಗಸಿಗೂ ಧೈರ್ಯ ಬರುವುದಿಲ್ಲ. ಕಟ್ಟಡದಲ್ಲಿ ವಾಸಕ್ಕೆ ಅನುಮತಿಸುವ ಸ್ವಾಧೀನಾನುಭವ ಪ್ರಮಾಣಪತ್ರ ಕೊಡಲು ಬಂದವರ ಕಣ್ಣಿಗೆ ಮಾತ್ರ ಶೌಚಾಲಯ ಇದ್ದೇ ಇರುತ್ತದೆ.

ಇದೇ ಕಟ್ಟಡದಲ್ಲಿ ಕಾರಿಗೆ ಸಿಗುವ ಗೌರವ ನೋಡಿ. ಎಷ್ಟು ದೊಡ್ಡ ಮನೆಗೆ ಎಷ್ಟು ಕಾರಿನ ಜಾಗ ಬಿಡಬೇಕೆಂದು ಬೈಲಾದಲ್ಲಿ ಲೆಕ್ಕವಿದೆ. ಆ ಮನೆಗೆ ಬಂದುಹೋಗುವ ನೆಂಟರ ಕಾರಿಗೂ ಹೆಚ್ಚುವರಿ ಜಾಗ ತೋರಿಸಬೇಕು. ಒಂದು ಜಾಗ ಕಡಿಮೆಯಾದರೂ ಕಡತ ವಾಪಸು ಬರುತ್ತದೆ. ವರ್ಷಕ್ಕೆರಡು ಸಲ ಬರುವ ನೆಂಟರ ಕಾರಿಗೆ ನೆರಳು ಕಡ್ಡಾಯ, ದಿನಾಲೂ ಎರಡು ಸಲ ಬರುವ ಅಡುಗೆಯವರಿಗೆ ಕುಳಿತುಕೊಳ್ಳಲು ಒಂದು ಬೆಂಚೂ ಕಡ್ಡಾಯವಲ್ಲ.

ಖಾಸಗಿ ಕಟ್ಟಡದೊಳಗಿನ ವಿಷಯಕ್ಕೆ ಸರ್ಕಾರ ಹೇಗೆ ಕೈಹಾಕಲಿ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಕಾಂಪೌಂಡಿನಿಂದ ಎಷ್ಟು ಅಡಿ ಬಿಟ್ಟು ಗೋಡೆ ಎಬ್ಬಿಸಬೇಕು ಎಂಬುದನ್ನೂ ನೀವೇ ಹೇಳುತ್ತೀರಿ. ಅಂತರ್ಜಲ ಕುಸಿದು ಕಷ್ಟ ಬಂದಾಗ 2009ರಲ್ಲಿ ಜಲಮಂಡಳಿಯ ಕಾಯ್ದೆಗೇ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಲಾಯಿತು. ಮೂವತ್ತು-ನಲವತ್ತರ ಸೈಟಿನಲ್ಲಿ ಹೊಸದಾಗಿ ಮನೆ ಕಟ್ಟುವವರೂ ಇಂಗುಗುಂಡಿ ತೋಡಿದರು. ಮೊದಲಿಗೆ ಗೊಣಗಿದವರೂ ಆಮೇಲೆ ಅಭ್ಯಾಸ ಮಾಡಿಕೊಂಡರು. ಮಳೆನೀರಿಗೆ ಬೈಲಾದಲ್ಲಿ ಜಾಗ ಮಾಡಿಕೊಟ್ಟ ಊರು ಮನುಷ್ಯರಿಗೂ ಮಾಡಿಕೊಡಬಲ್ಲದು. ಇಂತಿಷ್ಟು ಮನೆಗಳಿಗಿಂತ ಹೆಚ್ಚಿರುವ ಸಮುಚ್ಚಯದಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ, ಗಾಳಿ ಬೆಳಕು ಇರುವ ವಿಶ್ರಾಂತಿ ಕೊಠಡಿ ನೆಲಮಹಡಿಯಲ್ಲೇ ಇರಬೇಕು ಎಂದು ಬರೆಯಿರಿ. ನೆಲಮಹಡಿ ಎಂದು ಬಿಡಿಸಿ ಬರೆಯಿರಿ. ಬರೆಯದಿದ್ದರೆ ಅದು ಮತ್ತೆ ಬೇಸ್‌ಮೆಂಟಿಗೇ ಇಳಿಯುತ್ತದೆ. ಆ ಜಾಗವನ್ನು, ಒಂದು ನಿವೇಶನದಲ್ಲಿ ಒಟ್ಟು ಎಷ್ಟು ಕಟ್ಟಬಹುದೆಂಬ ಎಫ್‌ಎಆರ್ ಲೆಕ್ಕದಿಂದ ಬಿಟ್ಟುಕೊಟ್ಟರೆ ಬಿಲ್ಡರುಗಳೂ ತಕರಾರು ತೆಗೆಯುವುದಿಲ್ಲ. ಇದನ್ನು ಅವರ ಜೊತೆ ಕುಳಿತು ಕೆಲಸ ಮಾಡುವ ಅನುಭವದಿಂದಲೇ ಹೇಳುತ್ತಿದ್ದೇನೆ.

ಎಷ್ಟು ಜನ ಕೆಲಸಗಾರರಿದ್ದಾರೆ ಎಂಬ ಅಂಕಿ ಅಂಶ ಇಲ್ಲ ಎಂಬ ನೆಪವೂ ಈಗ ಉಳಿದಿಲ್ಲ. ದೊಡ್ಡ ಸಮುಚ್ಚಯಗಳ ಗೇಟಿನಲ್ಲಿ ಮೊಬೈಲ್ ಆ್ಯಪ್ ಇರುತ್ತದೆ. ಯಾವ ಕೆಲಸದವರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಟರು ಎಂಬುದು ಮನೆಯವರ ಫೋನಿಗೆ ಹೋಗುತ್ತದೆ. ಅವರ ಮೇಲೆ ಕಣ್ಣಿಡಲು ಲೆಕ್ಕವಿದೆ. ಹೆಸರು, ಫೋಟೊ ಏನೂ ಬೇಡ, ಬರುವವರ ಒಟ್ಟು ಸಂಖ್ಯೆಯನ್ನಷ್ಟೇ ಸಂಘಗಳಿಂದ ಕೇಳಿ ಪಡೆದರೆ ಯಾವ ಬಡಾವಣೆಯ ಹಳದಿಯೊಳಗೆ ಎಷ್ಟು ಜನ ದುಡಿಯುತ್ತಾರೆಂದು ಒಂದು ತಿಂಗಳಲ್ಲಿ ತಿಳಿಯುತ್ತದೆ. ಇತ್ತೀಚೆಗೆ ಹತ್ತು ಹದಿನೈದು ನಿಮಿಷದಲ್ಲಿ ಮನೆಗೆಲಸದವರನ್ನು ಕಳಿಸುವ ಆ್ಯಪ್‌ಗಳೂ ಬಂದಿವೆ. ಒಂದು ಕೆಲಸ ಮುಗಿದು ಇನ್ನೊಂದು ಬರುವವರೆಗೆ ಆ ಹುಡುಗಿಯರು ಕಾಯುವುದೂ ಬೀದಿಯಲ್ಲೇ.

ಮಕ್ಕಳ ವಿಷಯ ಇದಕ್ಕಿಂತ ಕಠಿಣ. ಕಾರ್ಖಾನೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರು ಕೆಲಸಕ್ಕಿದ್ದರೆ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. 50 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಅದನ್ನೇ ಹೇಳಿತು. ಕಟ್ಟಡ ಕಟ್ಟುವ ಹೆಂಗಸರಿಗೂ 1996ರ ಕಾಯ್ದೆ ಆ ಹಕ್ಕು ಕೊಟ್ಟಿತು. ಅದೇ ಕಟ್ಟಡ ಪೂರ್ತಿಯಾಗಿ, ಅದರಲ್ಲಿ ಸಾವಿರ ಮನೆಗಳಾಗಿ, ನೂರಾರು ಹೆಂಗಸರು ಕೆಲಸಕ್ಕೆ ಬರತೊಡಗಿದಾಗ ಹಕ್ಕು ಮಾಯವಾಗುತ್ತದೆ. ಏಕೆಂದರೆ ಕಾನೂನಿನ ದೃಷ್ಟಿಯಲ್ಲಿ ಅಲ್ಲಿರುವುದು ಒಬ್ಬೊಬ್ಬ ಕೆಲಸಗಾರ್ತಿ ಇರುವ ಸಾವಿರ ಬೇರೆ ಬೇರೆ ಮನೆ. ಅಂಗನವಾಡಿ ತೆರೆಯುವ ಹೊತ್ತಿಗೆ ಅಮ್ಮ ಎರಡನೆಯ ಮನೆ ಮುಗಿಸಿರುತ್ತಾಳೆ. ಹಾಗಾಗಿ ಎಂಟು ಹತ್ತು ವರ್ಷದ ಅಕ್ಕ ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಾಳೆ. ಸಿರಿವಂತರ ಮಗುವನ್ನು ಎತ್ತಿ ಆಡಿಸುವ ತಾಯಿಯ ಸ್ವಂತ ಕೂಸು ಬೀಗ ಹಾಕಿದ ಮನೆಯೊಳಗೆ ಅಳುತ್ತಿರುತ್ತದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗಳು 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ನಡೆಸುತ್ತಿವೆ. ನಗರಕ್ಕೆ ಅಂಥದ್ದು ಯಾಕಿಲ್ಲ? ಬಿಡಿಎ ಬಡಾವಣೆ ಮಾಡುವಾಗ ಶೇ 15ರಷ್ಟು ಜಾಗ ಪಾರ್ಕು, ಆಟದ ಮೈದಾನಗಳಿಗೆ, ಇನ್ನೂ ಶೇ 10ರಷ್ಟು ನಾಗರಿಕ ಸೌಲಭ್ಯಗಳಿಗೆ (ಸಿ.ಎ.) ಮೀಸಲಿಡಬೇಕೆಂದು ಬಿಡಿಎ ಕಾಯ್ದೆಯಲ್ಲೇ ಇದೆ. ಆ ಸಿ.ಎ. ಸೈಟುಗಳಲ್ಲಿ ಒಂದೊಂದನ್ನಾದರೂ ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುವ ಕೂಸಿನ ಮನೆಗೆ ಕೊಡಿ. ಆರಕ್ಕೆ ತೆರೆಯುವುದೇ ಇಲ್ಲಿ ಮುಖ್ಯ.

ಬಸ್ಸಿನ ಮಾತು ಚುಟುಕಾಗಿ ಹೇಳುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾಯಿತು, ಅದರಿಂದ ಚಿಕ್ಕಮ್ಮನಂಥವರ ಕೈಯಲ್ಲಿ ನಿಜಕ್ಕೂ ನಾಲ್ಕು ಕಾಸು ಉಳಿಯುತ್ತಿದೆ. ಆದರೆ ಬಸ್ಸು ಮುಖ್ಯರಸ್ತೆಯಲ್ಲೇ ಹೋಗುತ್ತದೆ. ಸರ್ಜಾಪುರ ರಸ್ತೆಯಲ್ಲೋ ಕನಕಪುರ ರಸ್ತೆಯಲ್ಲೋ ಇಳಿದವರು ಉದ್ದನೆಯ ಕಾಂಪೌಂಡ್ ಗೋಡೆಗಳನ್ನು ಸುತ್ತಿ, ಪಾದಚಾರಿ ಮಾರ್ಗವೇ ಇಲ್ಲದ ರಸ್ತೆಯಂಚಿನಲ್ಲಿ ನಡೆಯಬೇಕು. ಬೆಳಿಗ್ಗೆ ಐದೂವರೆಯ ಕತ್ತಲಲ್ಲಿ ಬಡಾವಣೆಯೊಳಗೆ ಹೋಗುವ ಸಣ್ಣ ಬಸ್ಸು ಅವರಿಗೆ ಬೇಕು. ಜನಸಂಚಾರದ ಸಮೀಕ್ಷೆ ಮಾಡುವಾಗ ಮನೆಯಿಂದ ಮನೆಗೆ, ಮನೆಯಿಂದ ಶಾಲೆಗೆ, ಅಲ್ಲಿಂದ ನ್ಯಾಯಬೆಲೆ ಅಂಗಡಿಗೆ ಎಂದು ತುಂಡುತುಂಡಾಗಿ ನಡೆಯುವವರ ಓಡಾಟವನ್ನೂ ಎಣಿಸಿ.

ಈಗ ಎಲ್ಲಕ್ಕಿಂತ ದೊಡ್ಡ ವಿಷಯ, ಅವರು ಎಲ್ಲಿ ವಾಸಿಸಬೇಕು ಎಂಬುದು. ಈಜಿಪುರದ ಬಡವರ ವಸತಿಗೃಹಗಳನ್ನು ನೆನಪಿಸಿಕೊಳ್ಳಿ. ಪಾಲಿಕೆಯೇ ಕಟ್ಟಿದ ಆ ಕಟ್ಟಡಗಳಲ್ಲಿ ಒಂದು ಭಾಗ 2007ರಲ್ಲಿ ಕುಸಿಯಿತು. ಆಮೇಲೆ ಖಾಸಗಿ ಸಹಭಾಗಿತ್ವದಲ್ಲಿ ಆ ನೆಲದ ಒಂದಷ್ಟು ಭಾಗದಲ್ಲಿ ಮಾಲ್ ಕಟ್ಟುವ ಒಪ್ಪಂದವಾಯಿತು. 2013ರ ಜನವರಿಯಲ್ಲಿ ಅಲ್ಲಿದ್ದ ಸುಮಾರು ಒಂದೂವರೆ ಸಾವಿರ ಕುಟುಂಬಗಳ ತಗಡಿನ ಮನೆಗಳನ್ನು ಜೆಸಿಬಿಗಳು ನೆಲಸಮ ಮಾಡಿದವು. ಅಲ್ಲಿನ ಹೆಂಗಸರಲ್ಲಿ ಬಹಳಷ್ಟು ಜನ ಕೋರಮಂಗಲದ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವರು. ನಡೆದೇ ಹೋಗಿ ನಡೆದೇ ಬರುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದು ಮಗುವಿಗೆ ಉಣಿಸಿ ಮತ್ತೆ ಹೋಗುತ್ತಿದ್ದರು. ಆಮೇಲೆ ಒಂದಷ್ಟು ಕುಟುಂಬಗಳಿಗೆ ಸರ್ಜಾಪುರದ ಕಡೆ, ಸೂಲಿಕುಂಟೆಯಲ್ಲಿ ಮನೆ ತೋರಿಸಲಾಯಿತು. ಅಷ್ಟು ದೂರದಿಂದ ಆರೂವರೆಗೆ ಕೋರಮಂಗಲದಲ್ಲಿ ಒಲೆ ಹಚ್ಚಲು ಸಾಧ್ಯವಿಲ್ಲ. ಸರ್ಕಾರದ ಕಡತದಲ್ಲಿ ಒಂದು ಮನೆಗೆ ಬದಲು ಇನ್ನೊಂದು ಮನೆ ಸಿಕ್ಕಿತು ಎಂದಾಗುತ್ತದೆ. ಆ ಹೆಂಗಸಿಗೆ ಮಾತ್ರ ಕೆಲಸ ಹೋಯಿತು, ತಿಂಗಳ ಕೊನೆಯಲ್ಲಿ ಕೈಸಾಲ ಕೊಡುತ್ತಿದ್ದ ಮನೆಯವರು ಹೋದರು, ಪರಿಚಯದ ಆಸ್ಪತ್ರೆ ಹೋಯಿತು, ಮಕ್ಕಳ ಶಾಲೆ ಹೋಯಿತು.

2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳನ್ನು ಕೆಡವಿದಾಗಲೂ ಇದೇ ಕಥೆ. ಅಲ್ಲಿದ್ದವರು ಸುತ್ತಲಿನ ಸಮುಚ್ಚಯಗಳಲ್ಲಿ ಮನೆಗೆಲಸ ಮಾಡುವವರು, ಕಸ ಎತ್ತುವವರು, ಕಾವಲು ಕಾಯುವವರು. ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಒಂದು ಬಡಾವಣೆಗೆ ಎಷ್ಟು ಲೀಟರ್ ನೀರು ಬೇಕು, ಎಷ್ಟು ವಿದ್ಯುತ್ ಬೇಕು ಎಂದು ಮೊದಲೇ ಅಂದಾಜು ಮಾಡುವ ನಾವು, ಆ ಬಡಾವಣೆಯನ್ನು ನಡೆಸುವವರು ಎಲ್ಲಿ ಮಲಗಬೇಕೆಂದು ಅಂದಾಜು ಮಾಡುವುದಿಲ್ಲ. ಅಂದಾಜು ಮಾಡದೆ ಬಿಟ್ಟದ್ದರಿಂದಲೇ ಅವರು ಕೆರೆಯಂಚಿನಲ್ಲಿ, ರಾಜಕಾಲುವೆಯ ಪಕ್ಕದಲ್ಲಿ ತಗಡು ಹೊದಿಸಿಕೊಂಡು ಬದುಕುತ್ತಾರೆ. ಆಮೇಲೆ ಅವರನ್ನೇ ಒತ್ತುವರಿದಾರರು ಎನ್ನುತ್ತೇವೆ. ಹೊಸ ಯೋಜನೆಯಲ್ಲಿ ಪ್ರತಿ ಹಳದಿಯ ಒಳಗೂ ನಡೆದು ಹೋಗುವ ದೂರದಲ್ಲಿ ಸಣ್ಣ ಬಾಡಿಗೆ ಮನೆಗಳಿಗೆ ಜಾಗ ಗುರುತಿಸಿ. ಎಲ್ಲರಿಗೂ ಸ್ವಂತ ಮನೆ ಕೊಡುತ್ತೇವೆ ಎಂಬ ಘೋಷಣೆಗಿಂತ ಹತ್ತಿರದಲ್ಲಿ ಕೈಗೆಟುಕುವ ಬಾಡಿಗೆ ಇವರ ಬದುಕಿಗೆ ಹೆಚ್ಚು ಆಧಾರವಾಗುತ್ತದೆ. ಯಾವುದೇ ಕೊಳೆಗೇರಿಯನ್ನು ಎಬ್ಬಿಸುವ ಮೊದಲು ಅಲ್ಲಿನ ಹೆಂಗಸರು ಎಲ್ಲಿ ಕೆಲಸ ಮಾಡುತ್ತಾರೆಂದು ದಾಖಲಿಸಿ, ಆ ದೂರ ಹೆಚ್ಚಾಗದಂತೆ ಪುನರ್ವಸತಿ ಕೊಡುವುದನ್ನು ನಿಯಮ ಮಾಡಿ.

ದುಡಿಯುವವರನ್ನು ಕಣ್ಣಿಗೆ ಬೀಳದಂತೆ ಇಡುವುದು ಈ ಊರಿಗೆ ಹಳೆಯ ಅಭ್ಯಾಸ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳನ್ನು ನಾವು ಮಾದರಿ ಬಡಾವಣೆಗಳೆಂದು ಹೊಗಳುತ್ತೇವೆ. ಅಲ್ಲಿನ ಮನೆಗಳ ಹಿಂದೆ ಇಂದಿಗೂ ಕನ್ಸರ್ವೆನ್ಸಿ ಗಲ್ಲಿಗಳಿವೆ. ಮಲ ಹೊರುವ ಮನುಷ್ಯ ಮುಂಬಾಗಿಲಿನ ಕಡೆ ಕಾಣಬಾರದೆಂದು ಬಿಟ್ಟ ಓಣಿಗಳು ಅವು. ಮಲ ಹೊರುವ ಪದ್ಧತಿಯನ್ನು ಕಾನೂನು ನಿಷೇಧಿಸಿತು. ಆದರೆ ಕೆಲಸದವರಿಗೆ ಬೇರೆ ಲಿಫ್ಟು, ಬೇರೆ ಗೇಟು, ಉದ್ಯಾನದ ಬೆಂಚಿನ ಮೇಲೆ ಕೂರಬಾರದೆಂಬ ಸೂಚನೆ ನಮ್ಮ ಹೊಸ ಕಟ್ಟಡಗಳಲ್ಲಿ ಮುಂದುವರಿದಿವೆ. ಯಾರು ಯಾವ ಲಿಫ್ಟಿನಲ್ಲಿ ಹೋಗಬೇಕೆಂದು ಜಾತಿಯ ಹೆಸರೆತ್ತಿ ಹೇಳುವ ಧೈರ್ಯ ಈಗ ಯಾರಿಗೂ ಇಲ್ಲ, ಕಸುಬಿನ ಹೆಸರಿನಲ್ಲಿ ಅದೇ ಕೆಲಸ ನಡೆಯುತ್ತದೆ. ಇಂಥ ಬೇರ್ಪಡಿಕೆಗೆ ಮಂಜೂರಾತಿ ಕೊಡಬೇಡಿ. ಸಾಮಾನು ಸಾಗಿಸುವ ಲಿಫ್ಟು ಸಾಮಾನಿಗಿರಲಿ.

ಸಣ್ಣ ತೀರ್ಮಾನಗಳಿಂದ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ನಿಮ್ಮದೇ ಉದಾಹರಣೆ ಇದೆ. ಮೊದಲು ಪಾಲಿಕೆಯ ಪಾರ್ಕುಗಳು ವಾಕಿಂಗ್ ಮುಗಿದ ಮೇಲೆ ಬೀಗ ಹಾಕಿಕೊಳ್ಳುತ್ತಿದ್ದವು. 2024ರ ಜೂನ್‌ನಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ಆದೇಶ ಬಂತು. ಮಧ್ಯಾಹ್ನದ ನಾಲ್ಕು ಗಂಟೆಗಳನ್ನು ಎಲ್ಲಿ ಕಳೆಯುವುದೆಂದು ತಿಳಿಯದವರಿಗೆ ಆ ಆದೇಶ ದೊಡ್ಡದು. ಅದನ್ನು ಎಲ್ಲ ವಾರ್ಡುಗಳಲ್ಲೂ ನಿಜಕ್ಕೂ ಪಾಲಿಸುವಂತೆ ನೋಡಿಕೊಳ್ಳಿ, ಪಾರ್ಕಿನ ಶೌಚಾಲಯದ ಬೀಗವನ್ನೂ ತೆಗೆಸಿ. ಇದಕ್ಕೆ ಮಹಾಯೋಜನೆ ಬರುವವರೆಗೆ ಕಾಯಬೇಕಾಗಿಲ್ಲ.

ಮಹಾಯೋಜನೆಯ ಬಗ್ಗೆಯೇ ಕೊನೆಯದಾಗಿ ಒಂದು ಕೋರಿಕೆ. 2007ರಲ್ಲಿ ಒಪ್ಪಿಗೆ ಪಡೆದ 2015ರವರೆಗಿನ ಪರಿಷ್ಕೃತ ಮಹಾಯೋಜನೆಯ ನಂತರ 2031ರವರೆಗಿನ ಕರಡು 2017ರಲ್ಲಿ ಹೊರಬಂತು, ಆಮೇಲೆ ಅದನ್ನು ಹಿಂಪಡೆಯಲಾಯಿತು. 2020ರ ಸೆಪ್ಟೆಂಬರಿನಲ್ಲಿ ಆಗ ಇದ್ದ ಒಂದೇ ಪಾಲಿಕೆಯಾದ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಹೀಗೆ ಕಷ್ಟ ಹೇಳಿಕೊಳ್ಳಲು ವಾರ್ಡಿನಲ್ಲಿ ಒಬ್ಬ ಪ್ರತಿನಿಧಿಯೂ ಇಲ್ಲದೆ ವರ್ಷಗಳು ಕಳೆದವು. 2025ರ ಸೆಪ್ಟೆಂಬರಿನಲ್ಲಿ ಅದರ ಬದಲು ಐದು ಪಾಲಿಕೆಗಳಾದವು. ಹೊಸ ಕರಡು ಬಂದಾಗ ಸಲಹೆ, ಆಕ್ಷೇಪಣೆ ಕರೆಯುವುದು ನಿಮಗೆ ಕಡ್ಡಾಯ. ಕಚೇರಿಯ ಫಲಕದಲ್ಲಿ ನಕ್ಷೆ ಅಂಟಿಸಿ, ಆನ್‌ಲೈನ್‌ನಲ್ಲಿ ಇಂಗ್ಲಿಷ್ ಪುಟಗಳನ್ನು ಹಾಕಿ, ಬೆಳಿಗ್ಗೆ ಹತ್ತೂವರೆಗೆ ಸಭೆ ಕರೆದರೆ ಚಿಕ್ಕಮ್ಮ ಬರಲಾರರು. ಆ ಹೊತ್ತಿಗೆ ಅವರು ಮೂರನೆಯ ಮನೆಯಲ್ಲಿರುತ್ತಾರೆ. ಸಭೆಯನ್ನು ಮಧ್ಯಾಹ್ನ ಒಂದಕ್ಕೆ ಇಡಿ. ವಾರ್ಡಿನ ಸಮುದಾಯ ಭವನದಲ್ಲೋ ಪಾರ್ಕಿನಲ್ಲೋ ಇಡಿ, ನಕ್ಷೆಯನ್ನು ಕನ್ನಡದಲ್ಲಿ ವಿವರಿಸಿ, ತಮಿಳು ತೆಲುಗು ಉರ್ದು ಬಂಗಾಳಿ ಮಾತಾಡುವವರಿಗೆ ಅವರ ಮಾತಿನಲ್ಲಿ ತಿಳಿಸಿಹೇಳುವವರನ್ನೂ ಕರೆತನ್ನಿ. ಅವರು ಹೇಳಿದ್ದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ, ಯಾವುದನ್ನು ಒಪ್ಪಿದಿರಿ, ಯಾವುದನ್ನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಉತ್ತರ ಕೊಡಿ.

ಅಂಥ ಸಭೆಯ ದಿನ ಗೊತ್ತುಮಾಡಿದರೆ ಜೆ.ಪಿ. ನಗರದ ಹೆಂಗಸರಿಗೆ ನಕ್ಷೆ ಓದಿ ತಿಳಿಸುವ, ಅವರ ಬೇಡಿಕೆಗಳನ್ನು ಅಳತೆ ಸಮೇತ ಬರೆದುಕೊಡುವ ಕೆಲಸವನ್ನು ನಾನು ಸಂಬಳವಿಲ್ಲದೆ ಮಾಡುತ್ತೇನೆ. ನನ್ನ ಕಸುಬಿನ ಇನ್ನೂ ಕೆಲವರನ್ನು ಜೊತೆಗೆ ಕರೆತರುತ್ತೇನೆ. ದಿನಾಂಕ ತಿಳಿಸಿ.

ಇಂತಿ,
ಕಟ್ಟಡ ನಕ್ಷೆ ಬರೆಯುವ ಒಬ್ಬಳು
ಬೆಂಗಳೂರು